ಅತ್ತಿಗೆಯ ಕೊಳಗ

ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ಪದ್ಧತಿಯನ್ನು ಯಾರು ಶುರು ಮಾಡಿದರೋ ನನಗೆ ಗೊತ್ತಿಲ್ಲ. ಆ ಪುಣ್ಯಾತ್ಮ ಎಲ್ಲಾದರೂ ಕೈಗೆ ಸಿಕ್ಕರೆ ಎರಡು ಮಾತು ಕೇಳುವುದಿದೆ. ಮದುವೆಗೆ ಚೊಂಬು ಕೊಟ್ಟರೆ ಚೊಂಬಿನ ಮೇಲೆ ಹೆಸರು, ಗೃಹಪ್ರವೇಶಕ್ಕೆ ತಟ್ಟೆ ಕೊಟ್ಟರೆ ತಟ್ಟೆಯ ಮೇಲೆ ಹೆಸರು, ಹೆಸರಿನ ಕೆಳಗೆ ಊರು, ಊರಿನ ಕೆಳಗೆ ತಾರೀಖು. ಕೊಟ್ಟವರು ಕೊಟ್ಟು ಮರೆಯಬಹುದು, ಪಾತ್ರೆ ಮರೆಯುವುದಿಲ್ಲ. ನಮ್ಮ ಮನೆಯ ಸಾರಿನ ಸೌಟಿನ ಮೇಲೂ ಒಬ್ಬ ಮಹನೀಯರ ಹೆಸರಿದೆ. ಅವರು ಯಾರೆಂದು ನನಗೂ ಗೊತ್ತಿಲ್ಲ, ನಮ್ಮ ಯಜಮಾನರಿಗೂ ಗೊತ್ತಿಲ್ಲ. ಮೂವತ್ತು ವರ್ಷದಿಂದ ಅವರನ್ನು ಮುಂದಿಟ್ಟುಕೊಂಡೇ ಸಾರು ಬಡಿಸುತ್ತಿದ್ದೇನೆ.

ನಾವಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಅಕ್ಕಪಕ್ಕದ ನಾಲ್ಕು ಬೀದಿಯ ಹೆಂಗಸರು ಸೇರಿ ಮಾಡಿಕೊಂಡ ಒಂದು ಮಹಿಳಾ ಮಂಡಳಿ ಇದೆ, ಹೋದ ವರ್ಷ ನಾನು ಅದರ ಅಧ್ಯಕ್ಷೆಯಾದೆ. ಆಯ್ಕೆ ನಡೆಯುವಾಗ ನಾನು ಕೈ ತೊಳೆಯಲು ಎದ್ದು ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ಯಾರಿಗೆ ಎಂದು ಕೇಳಿದರೆ ನಿಮಗೇ ಎಂದರು. ಆಮೇಲೆ ಬೇಡ ಎನ್ನುವುದು ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ ಬೇಡ ಎನ್ನುವ ಮನಸ್ಸೂ ಇರಲಿಲ್ಲ.

ನಮ್ಮಲ್ಲಿ ಮಹಿಳಾ ದಿನ ಎಂದರೆ ಅಲ್ಲಿಯವರೆಗೆ ರಂಗೋಲಿ ಸ್ಪರ್ಧೆ, ಕುರ್ಚಿ ಆಟ, ಆಮೇಲೆ ಯಾರಾದರೂ ಬಂದು ಮನಸ್ಸಿನ ನೆಮ್ಮದಿಯ ಬಗ್ಗೆ ಒಂದು ಗಂಟೆ ಮಾತಾಡುವುದು. ಅಷ್ಟು ಹೊತ್ತೂ ನಾವು ಬಿಸಿಬೇಳೆಬಾತು ಆರಿಹೋಗುತ್ತಿದೆಯಲ್ಲ ಎಂದು ನೆಮ್ಮದಿ ಕಳೆದುಕೊಂಡು ಕೂತಿರುತ್ತಿದ್ದೆವು. ನಾನು ಮೊದಲ ಸಭೆಯಲ್ಲೇ ಹೇಳಿಬಿಟ್ಟೆ, ಕುರ್ಚಿ ಸುತ್ತ ಓಡಿದ್ದು ಸಾಕು, ನನ್ನ ಮಂಡಿ ಕೇಳುವುದಿಲ್ಲ, ಈ ಸಲ ಒಂದು ದಿನ ಎಲ್ಲರೂ ಸೇರಿ ಏನಾದರೂ ಸೇವೆ ಮಾಡೋಣ ಎಂದು. ನಮ್ಮ ಕಾರ್ಯದರ್ಶಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ಅವರ ಹಳೆಯ ಶಿಷ್ಯೆಯೊಬ್ಬಳು ಭದ್ರಾವತಿಯ ಹಳೇನಗರದಲ್ಲಿ ಅಂಗನವಾಡಿ ಟೀಚರು. ಅಲ್ಲಿಯ ಶೌಚಾಲಯಕ್ಕೆ ಬಾಗಿಲಿಲ್ಲ, ಹಳೆಯ ಬೆಡ್‌ಶೀಟು ಕಟ್ಟಿದ್ದಾರೆ, ನೀರಿನ ಟ್ಯಾಂಕು ಒಡೆದಿದೆ, ಟೀಚರು ಬೆಳಿಗ್ಗೆಯಿಂದ ಮನೆಗೆ ಹೋಗುವವರೆಗೆ ಒಂದು ಲೋಟ ನೀರೂ ಕುಡಿಯುವುದಿಲ್ಲ ಎಂದು ಈ ಗಣಿತದ ಮೇಡಂ ಹೇಳಿದರು. ನೀರು ಕುಡಿಯದೆ ಏಕೆ ಇರುತ್ತಾಳೆಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಅಲ್ಲಿಗೇ ಹೋಗುವುದೆಂದು ಆಯಿತು. ಬೆಳಿಗ್ಗೆ ಗುಡಿಸಿ, ತೊಳೆದು, ಗೋಡೆಗೆ ಬಣ್ಣ ಹೊಡೆಯುವುದು. ಸಂಜೆ ಏನಾದರೂ ಮಾರಿ ಬಾಗಿಲಿಗೂ ಟ್ಯಾಂಕಿಗೂ ಆಗುವಷ್ಟು ಹಣ ಕೂಡಿಸುವುದು.

ಚಂದಾ ಎತ್ತುವುದು ನಮ್ಮ ಕೈಲಾಗದ ಕೆಲಸ. ಚಂದಾ ಪುಸ್ತಕ ಹಿಡಿದು ಹೊರಟರೆ ಇಡೀ ವಿನೋಬನಗರ ಸ್ನಾನಕ್ಕೆ ಹೋಗಿರುತ್ತದೆ. ಆಗ ನನಗೇ ಹೊಳೆಯಿತು. ಪ್ರತಿ ಮನೆಯ ಅಟ್ಟದಲ್ಲೂ ಉಡುಗೊರೆಯಾಗಿ ಬಂದು ಒಂದು ದಿನವೂ ಒಲೆ ಕಾಣದ ಪಾತ್ರೆಗಳು ರಾಶಿ ಬಿದ್ದಿವೆ. ಅವನ್ನು ಇಳಿಸಿ ಮಾರಿದರೆ ಅಟ್ಟವೂ ಖಾಲಿ, ಪುಣ್ಯವೂ ಬಂತು. ಎಲ್ಲರೂ ಹೊಗಳಿದರು. ಹೊಗಳಿಕೆ ನನಗೆ ಸ್ವಲ್ಪ ಬೇಗ ತಲೆಗೇರುತ್ತದೆ.

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ನಾಲ್ಕೇ ದಿನಕ್ಕೆ ನಮ್ಮ ಕಾರ್ ಶೆಡ್ಡು ತುಂಬಿಹೋಯಿತು. ತಪ್ಪಲೆ, ಡಬ್ಬಿ, ಜರಡಿ, ಇಡ್ಲಿ ಪಾತ್ರೆ, ಒಂದರೊಳಗೊಂದು ಕೂತ ಹನ್ನೆರಡು ಬೇಸಿನ್ನು. ಯಜಮಾನರು ಕಾರನ್ನು ಬೀದಿಯಲ್ಲಿ ನಿಲ್ಲಿಸಿ ಬಂದರು.

“ಕಾರು ಬಿಸಿಲಲ್ಲಿ, ಬೇಸಿನ್ನು ನೆರಳಲ್ಲಿ. ಇದ್ಯಾವ ಸೇವೆ ಮಾರಾಯ್ತಿ?”

“ಮಾತು ಆಮೇಲೆ. ನಮ್ಮ ಅಟ್ಟದಲ್ಲಿರೋದನ್ನೂ ಇಳಿಸಿ” ಎಂದು ಹೇಳಿ ನಾನು ಸಭೆಗೆ ಹೋದೆ. ಅವರಿಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ಅವರು ಬಾಯಿ ಬಿಡುವುದಿಲ್ಲ, ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಜಾಸ್ತಿ ಮಾಡುತ್ತಾರೆ. ಅಟ್ಟದಲ್ಲಿ ಒಂದು ಚಮಚವನ್ನೂ ಬಿಡದೆ ಇಳಿಸಿ ರಾಶಿಗೆ ಸೇರಿಸಿದರು. ನಾನು ತಿರುಗಿ ನೋಡಲಿಲ್ಲ. ಅಧ್ಯಕ್ಷೆಗೆ ಅಷ್ಟೆಲ್ಲ ಪುರುಸೊತ್ತಿರುವುದಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಸೇರಿ ಧೂಳು ಒರೆಸುತ್ತಿದ್ದೆವು. ಗಣಿತದ ಮೇಡಂ ಕೈಯಲ್ಲಿ ಒಂದು ಇಡ್ಲಿ ಪಾತ್ರೆ ಇತ್ತು. ಒರೆಸುತ್ತಿದ್ದ ಬಟ್ಟೆ ನಿಂತಿತು. ಪಾತ್ರೆಯ ಮುಚ್ಚಳದ ಮೇಲೆ ಅವರ ಯಜಮಾನರ ಹೆಸರು. ನಮ್ಮ ಮಂಡಳಿಯ ಖಜಾಂಚಿಯ ಮಗನ ಮದುವೆಗೆ ಅವರೇ ಕೊಟ್ಟದ್ದು.

“ಆರಿಸಿ ಆರಿಸಿ ತಂದಿದ್ದೆ ಇದನ್ನ” ಎಂದರು ಮೇಡಂ.

“ನೀವು ಕೊಟ್ಟಿದ್ದು ಅಂತ ಗೊತ್ತಿದ್ರೆ ನಾನು ಹಾಕ್ತಿದ್ನಾ?” ಎಂದರು ಖಜಾಂಚಿ.

“ಮೇಲೆ ಬರ್ದಿದೆಯಲ್ಲ.”

“ಓದೋಕೆ ಕನ್ನಡಕ ಬೇಕಲ್ಲ.”

ಅಷ್ಟು ಹೇಳಿ ಖಜಾಂಚಿ ಪಕ್ಕದಲ್ಲಿದ್ದ ಟಿಫಿನ್ ಕ್ಯಾರಿಯರನ್ನು ಎತ್ತಿಕೊಂಡರು. ಅದು ಮೇಡಂ ಮನೆಯಿಂದ ಬಂದದ್ದು, ಮೇಲಿದ್ದ ಹೆಸರು ಖಜಾಂಚಿಯ ಗಂಡನದು. ಆಮೇಲೆ ಧೂಳು ಒರೆಸುವವರು ಯಾರೂ ಇಲ್ಲ, ಎಲ್ಲರೂ ಪಾತ್ರೆ ತಿರುಗಿಸಿ ಓದುವವರೇ. ಅರ್ಧ ಗಂಟೆಯಲ್ಲಿ ಐದು ಜನರ ನಡುವೆ ಮಾತು ನಿಂತಿತು. ಓದಿದವರು, ಕೆಲಸ ಮಾಡಿದವರು, ಮಕ್ಕಳಿಗೆ ಬುದ್ಧಿ ಹೇಳುವವರು ಇಷ್ಟು ಜನ ಇದ್ದೂ ಪಾತ್ರೆಯ ಮೇಲೆ ಹೆಸರಿರುತ್ತದೆ ಎಂಬುದೇ ನಮಗೆ ಮರೆತುಹೋಗಿತ್ತು. ದಿನಾ ನೋಡಿ ನೋಡಿ ಆ ಹೆಸರು ನಮಗೆ ಹಿಡಿಯ ಹಾಗೆ, ಮುಚ್ಚಳದ ಹಾಗೆ ಪಾತ್ರೆಯದೇ ಒಂದು ಭಾಗವಾಗಿತ್ತು.

ಎಲ್ಲರನ್ನೂ ಸಮಾಧಾನ ಮಾಡಿ ನಾನೇ ದಾರಿ ಹುಡುಕಿದೆ. ಮಾರುವುದನ್ನೂ ಭದ್ರಾವತಿಯಲ್ಲೇ, ಅಂಗನವಾಡಿಯ ಅಂಗಳದಲ್ಲೇ ಇಟ್ಟುಕೊಳ್ಳೋಣ, ಅಲ್ಲಿ ನಮ್ಮ ಹೆಸರು ಯಾರಿಗೆ ಗೊತ್ತು ಎಂದೆ. ಗಾಂಧಿ ಬಜಾರಿನ ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತುವವರೊಬ್ಬರನ್ನು ಅವರ ಯಂತ್ರದ ಸಮೇತ ಕರೆದುಕೊಂಡು ಹೋಗುವುದು, ಕೊಂಡವರು ಹಳೆಯ ಹೆಸರಿನ ಪಕ್ಕದಲ್ಲಿ ತಮ್ಮ ಹೆಸರು ಹಾಕಿಸಿಕೊಳ್ಳಲಿ ಎಂದೂ ಸೇರಿಸಿದೆ. ಮತ್ತೆ ಹೊಗಳಿದರು. ಶಿವಮೊಗ್ಗದ ಪ್ರತಿ ಮನೆಗೂ ಭದ್ರಾವತಿಯಲ್ಲಿ ಒಬ್ಬರಾದರೂ ನೆಂಟರಿರುತ್ತಾರೆ ಎಂಬುದು ಯಾರ ತಲೆಗೂ ಹೋಗಲಿಲ್ಲ. ನನ್ನ ತಲೆಗಂತೂ ಹೋಗಲೇಬೇಕಿತ್ತು. ನನ್ನ ಸ್ವಂತ ಅಣ್ಣ ಅತ್ತಿಗೆ ಇರುವುದೇ ಅಲ್ಲಿ.

ಅತ್ತಿಗೆಯ ವಿಷಯ ಇಲ್ಲಿ ಹೇಳಲೇಬೇಕು. ಅಮ್ಮ ತೀರಿಕೊಂಡಾಗ ನಾನು ಎಂಟನೇ ಕ್ಲಾಸು. ಅಣ್ಣ ನನಗಿಂತ ಹದಿನೆಂಟು ವರ್ಷ ದೊಡ್ಡವನು, ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ, ನ್ಯೂ ಟೌನಿನಲ್ಲಿ ಕ್ವಾರ್ಟರ್ಸು. ಅತ್ತಿಗೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಏಳು ವರ್ಷ ನನಗೆ ಜಡೆ ಹಾಕಿದವರು ಅವರು, ಫೇಲಾದಾಗ ಅಣ್ಣನಿಗೆ ಹೇಳದೆ ಮತ್ತೆ ಪರೀಕ್ಷೆ ಕಟ್ಟಿಸಿದವರು ಅವರು, ಮದುವೆಯಲ್ಲಿ ನನ್ನನ್ನು ಕಳಿಸಿಕೊಡುವಾಗ ಬಸ್ಸಿನ ಕಿಟಕಿ ಹಿಡಿದು ಬಿಡದೆ ಡ್ರೈವರ್ ಹತ್ತಿರ ಬೈಸಿಕೊಂಡವರೂ ಅವರೇ. ಅಂಥವರು ಎರಡು ವರ್ಷದಿಂದ ನಮ್ಮ ಮನೆಯ ಹೊಸಿಲು ತುಳಿದಿರಲಿಲ್ಲ.

ತಪ್ಪು ನನ್ನದೇ. ಮೊಮ್ಮಗಳ ನಾಮಕರಣಕ್ಕೆ ಎಲ್ಲರಿಗೂ ಕಳಿಸಿದ ಹಾಗೆ ಅವರಿಗೂ ವಾಟ್ಸಾಪಿನಲ್ಲಿ ಕಾರ್ಡು ಕಳಿಸಿದ್ದೆ. ಅರಿಶಿನ ಕುಂಕುಮ ಹಿಡಿದು ಮನೆಗೆ ಹೋಗಿ ಕರೆಯಬೇಕಾದವರಿಗೆ ಫೋನಿನಲ್ಲಿ ಕರೆದೆ. ನಾಮಕರಣದ ದಿನ ಅವರು ಬರಲಿಲ್ಲ, ಒಂದು ಗುಲಾಬಿ ಹೂವಿನ ಚಿತ್ರ ಕಳಿಸಿದರು. ಕೆಳಗೆ, “ಫೋನಲ್ಲಿ ಕರೆದವರಿಗೆ ಫೋನಲ್ಲೇ ಅಕ್ಷತೆ” ಎಂದು ಬರೆದಿದ್ದರು. ಆವತ್ತಿನಿಂದ ನಾನು ಫೋನ್ ಮಾಡಿದರೆ ಅಣ್ಣನೇ ಎತ್ತುವುದು, ಅತ್ತಿಗೆ ಯಾವಾಗಲೂ ಅಡುಗೆಮನೆಯಲ್ಲಿ. ಎರಡು ವರ್ಷ ಯಾರು ಹೀಗೆ ಬಿಡುವಿಲ್ಲದೆ ಅಡುಗೆ ಮಾಡುತ್ತಾರೆ?

ಭದ್ರಾವತಿಯ ಕಾರ್ಯಕ್ರಮ ಗಟ್ಟಿಯಾದ ಮೇಲೆ ನಾನು ಮನಸ್ಸು ಮಾಡಿ ಅರಿಶಿನ ಕುಂಕುಮ, ಎಲೆ ಅಡಿಕೆ, ತೆಂಗಿನಕಾಯಿ ಎಲ್ಲ ತಟ್ಟೆಯಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ನಮ್ಮ ಮಾರಾಟ ನೀವೇ ಉದ್ಘಾಟನೆ ಮಾಡಬೇಕು ಎಂದೆ. ಅವರು ಕುಂಕುಮ ಹಚ್ಚಿಕೊಂಡರು.

“ನಂಗ್ಯಾಕೆ ಇದೆಲ್ಲ. ದೊಡ್ಡವರನ್ನ ಯಾರನ್ನಾದ್ರೂ ಕರೀ.”

“ನಂಗೆ ನಿಮ್ಮಷ್ಟು ದೊಡ್ಡವರು ಯಾರಿದಾರೆ ಅತ್ತಿಗೆ?”

“ಬರ್ತೀನಿ. ನಾಲ್ಕು ಗಂಟೆಗೆ. ಆಮೇಲೆ ನೋಡೋಣ” ಎಂದರು. ಆ ನೋಡೋಣ ಎಂಬುದರಲ್ಲೇ ನನ್ನ ಜೀವ ಇತ್ತು. ಆವತ್ತು ಎಲ್ಲ ಚೆನ್ನಾಗಿ ನಡೆದರೆ ಅತ್ತಿಗೆ ಮತ್ತೆ ನಮ್ಮ ಮನೆಗೆ ಬರುತ್ತಾರೆ. ಬಾಗಿಲು, ಟ್ಯಾಂಕು ಎಲ್ಲ ಇರಲಿ, ನನಗೆ ಬೇಕಾಗಿದ್ದದ್ದು ಅದು.

ಕಾರ್ಯಕ್ರಮದ ಭಾನುವಾರ ಬೆಳಿಗ್ಗೆ ನಾವು ಒಂದು ಟಿಟಿ ವ್ಯಾನಿನಲ್ಲಿ ಹೊರಟೆವು, ಪಾತ್ರೆಗಳು ಒಂದು ಲಗೇಜ್ ಆಟೋದಲ್ಲಿ. ಆಟೋ ನಮ್ಮ ಹಿಂದೆಯೇ ದಾರಿಯುದ್ದಕ್ಕೂ ಸದ್ದು ಮಾಡಿಕೊಂಡು ಬಂತು. ಅಂಗನವಾಡಿಯ ಕೆಲಸ ನಾನೆಣಿಸಿದ್ದಕ್ಕಿಂತ ಚೆನ್ನಾಗಿಯೇ ಆಯಿತು. ತೊಳೆಯುವುದು ಬಳಿಯುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಒಬ್ಬರು ತೊಳೆದದ್ದನ್ನು ಇನ್ನೊಬ್ಬರು ಸರಿಯಾಗಿಲ್ಲವೆಂದು ಮತ್ತೆ ತೊಳೆದರು, ಹಾಗಾಗಿ ಆ ಅಂಗಳ ಆವತ್ತು ನಾಲ್ಕು ಸಲ ಸ್ನಾನ ಮಾಡಿತು. ಬಣ್ಣದ ಕೆಲಸ ಮಾತ್ರ ಎಡವಟ್ಟಾಯಿತು. ಗೋಡೆಯ ಮೇಲೆ ಅಕ್ಷರಕ್ಕೊಂದು ಚಿತ್ರ ಬರೆಯುವುದೆಂದಿತ್ತು. ಗಣಿತದ ಮೇಡಂ ಆನೆ ತಾವೇ ಬರೆಯುತ್ತೇನೆಂದು ಸೆರಗು ಸಿಕ್ಕಿಸಿಕೊಂಡು ನಿಂತರು. ಒಂದು ಗಂಟೆ ಬರೆದರು. ನೋಡಲು ಬಂದಿದ್ದ ಪಕ್ಕದ ಮನೆಯ ಮಗುವನ್ನು ಕರೆದು, “ಇದೇನು ಹೇಳು ಪುಟ್ಟಿ?” ಎಂದು ಕೇಳಿದರು.

“ಎಮ್ಮೆ” ಎಂದಿತು ಮಗು.

“ಸೊಂಡಿಲಿದೆಯಲ್ಲೇ.”

ಮಗು ಚೆನ್ನಾಗಿ ನೋಡಿ, “ಎಮ್ಮೆ ಪೈಪಲ್ಲಿ ನೀರು ಕುಡೀತಿದೆ” ಎಂದಿತು. ಮೇಡಂ ಕುಂಚ ಕೆಳಗಿಟ್ಟು ಊಟಕ್ಕೆ ಹೋದರು. ನಾವು ಅದರ ಕೆಳಗೆ ದೊಡ್ಡದಾಗಿ ಆನೆ ಎಂದು ಬರೆದು ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಮಾಡಿದೆವು.

ಎರಡೂವರೆಗೆ ಅಂಗಳದಲ್ಲಿ ಶಾಮಿಯಾನದ ಕೆಳಗೆ ಮೇಜು ಹಾಕಿ ಪಾತ್ರೆ ಜೋಡಿಸತೊಡಗಿದೆವು. ಬೇಸಿನ್ನುಗಳ ಹಿಂದಿನಿಂದ ನಾನು ಒಂದು ದೊಡ್ಡ ಸ್ಟೀಲ್ ಕೊಳಗ ಎತ್ತಿದೆ. ಇಪ್ಪತ್ತು ಜನಕ್ಕೆ ಸಾರು ಮಾಡಬಹುದಾದ ಗಾತ್ರ, ಎರಡು ಕಡೆ ಹಿಡಿ, ಒಳ್ಳೆಯ ದಪ್ಪ ತಳ. ಎಷ್ಟು ಚೆನ್ನಾಗಿದೆ, ಯಾವ ಪುಣ್ಯಾತ್ಗಿತ್ತಿ ಇದನ್ನು ಬಿಟ್ಟುಕೊಟ್ಟಳಪ್ಪ ಎಂದುಕೊಂಡು ತಿರುಗಿಸಿದೆ. ಕಂಠದ ಕೆಳಗೆ ನನ್ನ ಅಣ್ಣನ ಹೆಸರು. ಶ್ರೀ ಇಂಥವರು ಮತ್ತು ಕುಟುಂಬ, ಭದ್ರಾವತಿ. ಅದರ ಕೆಳಗೆ ನಮ್ಮ ಮನೆಯ ಗೃಹಪ್ರವೇಶದ ತಾರೀಖು. ಆ ಪುಣ್ಯಾತ್ಗಿತ್ತಿ ನಾನೇ.

ಒಂದೂವರೆ ಗಂಟೆಯಲ್ಲಿ ಅತ್ತಿಗೆ ಬರುತ್ತಾರೆ. ವಾಟ್ಸಾಪ್ ಕಾರ್ಡಿಗೆ ಎರಡು ವರ್ಷ ಮಾತು ಬಿಟ್ಟವರು, ತಾವು ಕೊಟ್ಟ ಕೊಳಗವನ್ನು ನಾನು ಸಂತೆಗಿಟ್ಟಿದ್ದೇನೆಂದು ಕಂಡರೆ ಈ ಜನ್ಮಕ್ಕೆ ಸಾಕು. ನಾನೇ ಕೊಂಡುಬಿಡೋಣವೆಂದರೆ ಉದ್ಘಾಟನೆಗೆ ಮೊದಲು ಮಂಡಳಿಯವರು ಏನೂ ಮುಟ್ಟಬಾರದು ಎಂದು ನಾನೇ ಕಾನೂನು ಮಾಡಿ, ಖಜಾಂಚಿ ಒಂದು ಜರಡಿಯ ಮೇಲೆ ಕಣ್ಣು ಹಾಕಿದ್ದಕ್ಕೆ ಎಲ್ಲರೆದುರು ಗದರಿದ್ದೆ. ಟಿಟಿಯೊಳಗೆ ಬಚ್ಚಿಡೋಣವೆಂದರೆ ಡ್ರೈವರು ಗಾಡಿ ತೆಗೆದುಕೊಂಡು ಊಟಕ್ಕೆ ಹೋಗಿದ್ದ. ಯಜಮಾನರಿಗೆ ಫೋನ್ ಮಾಡಿ ಬೈಯೋಣವೆಂದರೆ ಅವರು ಎತ್ತಲಿಲ್ಲ. ಶೆಡ್ಡಿನಲ್ಲಿ ಕಾರು ನಿಲ್ಲಿಸಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ಕೊಳಗಕ್ಕೆ ಸೆರಗು ಮುಚ್ಚಿಕೊಂಡು ಹೆಸರು ಕೆತ್ತುವವರ ಹತ್ತಿರ ಓಡಿದೆ. ಅವರು ಮೂಲೆಯಲ್ಲಿ ಯಂತ್ರಕ್ಕೆ ವೈರು ಸಿಕ್ಕಿಸಿಕೊಂಡು ಕೂತಿದ್ದರು.

“ಅಣ್ಣಾ, ಈ ಹೆಸರು ಅಳಿಸಿಕೊಡಿ. ಬೇಗ.”

ಅವರು ಕೊಳಗ ನೋಡಿದರು, ನನ್ನನ್ನು ನೋಡಿದರು. “ಹೆಸರು ಹಾಕೋದು ಕಲ್ತಿದೀನಿ ಅಕ್ಕಾ. ತೆಗೆಯೋದು ನಮ್ಮ ಉಸ್ತಾದ್ ಹೇಳ್ಕೊಟ್ಟಿಲ್ಲ.”

“ಹಾಗಾದ್ರೆ ಏನ್ಮಾಡೋದು?”

“ಬೇಕಾದ್ರೆ ಮೇಲೆ ಬಳ್ಳಿ ಬಿಡ್ತೀನಿ. ಹೂವು, ಎಲೆ. ಹೆಸರು ಕಾಣಲ್ಲ, ಶೋಕಿಯಾಗೂ ಇರುತ್ತೆ.”

ಬಳ್ಳಿಯನ್ನೇ ಬಿಡಿ ಎಂದೆ. ಯಂತ್ರ ಟರ್ರ್ ಎಂದಿತು. ಅಣ್ಣನ ಇನಿಷಿಯಲ್ಲಿನ ಮೇಲೆ ಒಂದು ಹೂ ಅರಳಿತು, ಮುಂದಿನ ಅಕ್ಷರದ ಮೇಲೆ ಎರಡು ಎಲೆ ಬಂತು. ಅಷ್ಟರಲ್ಲಿ ಕರೆಂಟು ಹೋಯಿತು. ಕಾದೆ. ಮೂರೂಕಾಲಾಯಿತು, ಮೂರೂವರೆಯಾಯಿತು, ಕರೆಂಟು ಬರಲಿಲ್ಲ. ಒಂದು ಹೂ ಎರಡೆಲೆ ಬಿಟ್ಟರೆ ಅಣ್ಣ ಪೂರ್ತಿ ಹಾಗೇ ಇದ್ದ. ಕೊನೆಗೆ ಕೊಳಗವನ್ನು ಅಂಗನವಾಡಿಯ ಅಡುಗೆ ಕೋಣೆಗೆ ಒಯ್ದು ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟು, ಮುಖ ತೊಳೆದು, ಅಧ್ಯಕ್ಷೆಯ ಹಾಗೆ ಹೊರಗೆ ಬಂದೆ.

ಸರಿಯಾಗಿ ನಾಲ್ಕಕ್ಕೆ ಅತ್ತಿಗೆ ಬಂದರು. ಹಸಿರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಜೊತೆಗೆ ತಮ್ಮ ಬೀದಿಯ ಏಳೆಂಟು ಹೆಂಗಸರನ್ನೂ ಕರೆದುಕೊಂಡು ಬಂದಿದ್ದರು. ನನ್ನ ನಾದಿನಿ ಅಧ್ಯಕ್ಷೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರಂತೆ. ಅವರು ಟೇಪು ಕತ್ತರಿಸಿದರು, ನಾವು ಚಪ್ಪಾಳೆ ಹೊಡೆದೆವು. ಅವರನ್ನು ಕುರ್ಚಿಯಲ್ಲಿ ಕೂರಿಸಿ, “ಏನಾದರೂ ತಂಪಗೆ ತನ್ನಿ” ಎಂದು ನಾನೇ ಕೂಗಿ ಹೇಳಿದೆ.

ಅಂಗನವಾಡಿಯ ಸಹಾಯಕಿ, ಕನ್ನಡದ ಜೊತೆ ತಮಿಳು ಸೇರಿಸಿ ಮಾತಾಡುವ ಒಳ್ಳೆಯ ಹೆಂಗಸು, ಒಳಗಿನಿಂದ ಮಜ್ಜಿಗೆ ತಂದಳು. ಎರಡು ಕೈಯಲ್ಲಿ ಎರಡು ಹಿಡಿ ಹಿಡಿದು, ಕಷ್ಟಪಟ್ಟು ಹೊತ್ತು ತಂದು, ಅತ್ತಿಗೆಯ ಮುಂದಿನ ಮೇಜಿನ ಮೇಲೆ ಇಟ್ಟಳು. ಕೊತ್ತಂಬರಿ ತೇಲುತ್ತಿದ್ದ ಮಜ್ಜಿಗೆ. ಅದಿದ್ದದ್ದು ಅದೇ ಕೊಳಗದಲ್ಲಿ.

“ಬೇರೆ ಪಾತ್ರೆ ಇರಲಿಲ್ವಾ?” ಎಂದೆ.

“ನಮ್ದು ಎಲ್ಲಾ ಚಿಕ್ಕದು ಮೇಡಂ. ಇದು ನಲ್ಲಾ ದೊಡ್ಡದು ಸಿಕ್ತು, ಮೂಟೆ ಹಿಂದೆ.”

ಅತ್ತಿಗೆ ಒಂದು ಲೋಟ ಮಜ್ಜಿಗೆ ಕುಡಿದರು. ಎರಡನೆಯದಕ್ಕೆ ಕೈ ಚಾಚಿದವರು ಹಾಗೇ ನಿಂತರು. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು. ಕೊಳಗವನ್ನು ಸ್ವಲ್ಪ ತಿರುಗಿಸಿದರು.

“ಇದೇನೇ, ನಿಮ್ಮಣ್ಣನ ಮೇಲೆ ಬಳ್ಳಿ ಹಬ್ಬಿದೆ?”

ಆ ಕ್ಷಣಕ್ಕೆ ನನ್ನ ಬಾಯಿಗೆ ಎಲ್ಲಿಂದ ಬಂತೋ ಒಂದು ಸುಳ್ಳು. “ನೀವು ಕೊಟ್ಟಿದ್ದರಲ್ಲೇ ನಿಮಗೆ ಮಜ್ಜಿಗೆ ಕೊಡೋಣ ಅಂತ ಮನೆಯಿಂದ ಹೊತ್ಕೊಂಡು ಬಂದೆ ಅತ್ತಿಗೆ. ಚೆಂದ ಕಾಣ್ಲಿ ಅಂತ ಹೂವು ಹಾಕಿಸ್ತಿದ್ದೆ, ಕರೆಂಟು ಹೋಯ್ತು.”

ಅತ್ತಿಗೆಯ ಮುಖ ಮೆತ್ತಗಾಯಿತು. ಕಣ್ಣಲ್ಲಿ ನೀರೂ ಬಂದಿರಬೇಕು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಗಣಿತದ ಮೇಡಂ ಮಜ್ಜಿಗೆಗೆ ಬಂದರು. ಲೆಕ್ಕದಲ್ಲಿ ಯಾವತ್ತೂ ತಪ್ಪದ ಹೆಂಗಸು.

“ಇದು ಇಲ್ಲಿ ಹ್ಯಾಗೆ ಬಂತು? ಮೇಜಿನ ಮೇಲಿಡ್ಬೇಕಾಗಿದ್ದು. ನಾನೇ ಚೀಟಿ ಅಂಟಿಸಿದ್ನಲ್ಲ, ನಾನೂರೈವತ್ತು” ಎಂದು ಹೇಳಿ ಹಿಡಿಯ ಕೆಳಗಿದ್ದ ಚೀಟಿಯನ್ನು ತೋರಿಸಿಯೂಬಿಟ್ಟರು.

ಇನ್ನು ಸುಳ್ಳು ಉಳಿದಿರಲಿಲ್ಲ. “ತಪ್ಪಾಯ್ತು ಅತ್ತಿಗೆ. ಅಟ್ಟದ್ದೆಲ್ಲ ಇಳಿಸಿ ಅಂದೆ, ಏನೇನಿದೆ ಅಂತ ನೋಡ್ಲಿಲ್ಲ. ಎರಡೂವರೆಗೆ ನೋಡ್ದೆ. ಅವಾಗಿಂದ ಇದನ್ನ ಹೊತ್ಕೊಂಡು ಓಡಾಡ್ತಿದೀನಿ” ಎಂದೆ. ಅವರ ಬೀದಿಯ ಹೆಂಗಸರು ಲೋಟ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅತ್ತಿಗೆ ಬೈಯಲಿಲ್ಲ. “ಇದನ್ನ ಯಾರು ಕೊಟ್ಟಿದ್ದು, ಓದು” ಎಂದರು.

“ಅಣ್ಣ ಮತ್ತು ಕುಟುಂಬ.”

“ನಾನೆಲ್ಲಿದೀನಿ ಅದರಲ್ಲಿ?”

“ಕುಟುಂಬದಲ್ಲಿ” ಎಂದೆ. ನನ್ನ ದಡ್ಡತನಕ್ಕೆ ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು.

“ನಿಮ್ಮಣ್ಣ ಅಂಗಡಿ ಮೆಟ್ಟಿಲೂ ಹತ್ತಿಲ್ಲ ಕಣೇ. ನೀನು ಮನೆ ಕಟ್ಟಿಸ್ತೀಯ ಅಂತ ಗೊತ್ತಾದಾಗಿಂದ ಬೀದಿಯವರ ಸೀರೆಗೆಲ್ಲ ಫಾಲ್ಸ್ ಹಾಕಿ ಕೂಡಿಟ್ಟೆ. ತಳ ದಪ್ಪ ಇರೋದೇ ಬೇಕು ಅಂತ ಮೂರು ಅಂಗಡಿ ಅಲೆದೆ. ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ಬಂದೆ. ಅಂಗಡಿಯವನು ಹೆಸರೇನಮ್ಮ ಅಂತ ಕೇಳ್ದ. ನಾನೂ ಯೋಚನೆ ಮಾಡ್ಲಿಲ್ಲ, ಯಜಮಾನರ ಹೆಸರು ಹೇಳ್ದೆ.”

ಅಷ್ಟು ಹೇಳಿ ಎದ್ದು ಮೇಜಿನ ಹತ್ತಿರ ಹೋದರು. ಒಂದು ತಪ್ಪಲೆ ತಿರುಗಿಸಿದರು, ಶ್ರೀ ಇಂಥವರು ಮತ್ತು ಕುಟುಂಬ. ಒಂದು ಡಬ್ಬಿ, ಶ್ರೀ ಇನ್ನೊಬ್ಬರು ಮತ್ತು ಮಕ್ಕಳು. ಜರಡಿ, ಬೇಸಿನ್ನು, ಎಲ್ಲ ಗಂಡಸರು. ಗಣಿತದ ಮೇಡಂ ತಮ್ಮ ಇಡ್ಲಿ ಪಾತ್ರೆಯನ್ನು ಮತ್ತೆ ಎತ್ತಿ ನೋಡಿದರು. “ನಮ್ಮನೆಯವರು ಇಡ್ಲಿ ಮುಟ್ಟೋದೇ ಇಲ್ಲ” ಎಂದರು ನಿಧಾನವಾಗಿ. ಮಹಿಳೆಯರ ಸೇವಾ ದಿನ ಎಂದು ಬ್ಯಾನರು ಕಟ್ಟಿ, ಅದರ ಕೆಳಗೆ ಎರಡು ಮೇಜಿನ ತುಂಬ ಗಂಡಸರನ್ನು ಜೋಡಿಸಿಟ್ಟಿದ್ದೆವು.

ಆಗ ಕರೆಂಟು ಬಂತು. ಮೂಲೆಯಲ್ಲಿ ಯಂತ್ರ ತಾನಾಗಿ ಟರ್ರ್ ಎಂದಿತು. ಅತ್ತಿಗೆ ಸಹಾಯಕಿಗೆ ಹೇಳಿ ಮಜ್ಜಿಗೆಯನ್ನು ಬೇರೆ ಪಾತ್ರೆಗಳಿಗೆ ಸುರಿಸಿ, ಕೊಳಗ ತೊಳೆಸಿ, ಹೆಸರು ಕೆತ್ತುವವರ ಮುಂದೆ ಇಟ್ಟರು.

“ಬಳ್ಳಿ ಪೂರ್ತಿ ಮಾಡ್ಲಾ ಅಮ್ಮ?” ಎಂದರು ಅವರು.

“ಬೇಡ, ಅವರು ಹಾಗೇ ಇರ್ಲಿ. ಪಕ್ಕದಲ್ಲಿ ನನ್ನ ಹೆಸರು ಹಾಕಿ” ಎಂದು ಹೇಳಿ ಅತ್ತಿಗೆ ಒಂದು ಹೆಸರು ಹೇಳಿದರು.

ಅದು ನನಗೆ ಗೊತ್ತಿದ್ದ ಅತ್ತಿಗೆಯ ಹೆಸರಲ್ಲ. ರೇಷನ್ ಕಾರ್ಡಿನಲ್ಲಿ, ನನ್ನ ಕಾಲೇಜಿನ ಅರ್ಜಿಗಳಲ್ಲಿ ಅವರು ಸಹಿ ಮಾಡುತ್ತಿದ್ದ ಹೆಸರಲ್ಲ. ಅದು ನಮ್ಮ ಅಜ್ಜಿಯ ಹೆಸರು, ಅಪ್ಪನ ಅಮ್ಮನದು.

“ಅದು ಅಜ್ಜಿ ಹೆಸರಲ್ವಾ ಅತ್ತಿಗೆ?”

“ನಂದೂ ಅದೇ. ನಮ್ಮಪ್ಪ ಅಮ್ಮ ಇಟ್ಟಿದ್ದು. ಮನೇಲಿ ಹಿರಿಯರ ಹೆಸರು ಹಿಡಿದು ಸೊಸೆನ ಬೈಯೋಕಾಗಲ್ಲ ಅಂತ ಧಾರೆ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಲ್ಲಿ ಬೇರೆ ಹೆಸರು ಬರೆಸಿದ್ರು. ಬೈಯೋದು ಮಾತ್ರ ಚೆನ್ನಾಗೇ ಬೈದ್ರು” ಎಂದು ಅತ್ತಿಗೆ ನಕ್ಕರು. ಆ ಮದುವೆಯಲ್ಲಿ ನಾನೂ ಇದ್ದೆ, ನಾಲ್ಕು ವರ್ಷದವಳು, ಊಟದ ಪಂಕ್ತಿಯಲ್ಲೇ ನಿದ್ದೆ ಹೋಗಿದ್ದೆನಂತೆ.

ಯಂತ್ರ ಅಕ್ಷರ ಅಕ್ಷರವಾಗಿ ಆ ಹೆಸರು ಕೆತ್ತಿತು. ಅತ್ತಿಗೆ ಬಗ್ಗಿ, ಕೆತ್ತುವವರ ಕೈಯನ್ನೇ ನೋಡುತ್ತ ನಿಂತಿದ್ದರು. ಅವರ ಹಿಂದೆ ಆಗಲೇ ಸಾಲು ಶುರುವಾಗಿತ್ತು. ಮೊದಲು ಗಣಿತದ ಮೇಡಂ ಇಡ್ಲಿ ಪಾತ್ರೆ ಹಿಡಿದು, ಆಮೇಲೆ ಖಜಾಂಚಿ ಆ ಜರಡಿ ಹಿಡಿದು, ಅವರ ಹಿಂದೆ ನ್ಯೂ ಟೌನಿನವರು, ಹಳೇನಗರದವರು. ಯಾರಿಗೂ ಪಾತ್ರೆಯ ಮೇಲೆ ಆಸೆಯಿರಲಿಲ್ಲ, ಹೆಸರಿಗಾಗಿ ಪಾತ್ರೆ ಕೊಂಡರು. ಅಂಗನವಾಡಿ ಟೀಚರು ಒಂದು ಸಣ್ಣ ಚೊಂಬು ಕೊಂಡಳು. ಒಬ್ಬ ಅಜ್ಜಿ ಚಮಚದ ಮೇಲೆ ತಮ್ಮ ಪೂರ್ತಿ ಹೆಸರು ಬೇಕೆಂದು ಹಟ ಹಿಡಿದು, ಕೊನೆಗೆ ಎರಡು ಚಮಚ ಕೊಂಡು ಅರ್ಧರ್ಧ ಹಾಕಿಸಿಕೊಂಡರು. ಕತ್ತಲಾಗುವಷ್ಟರಲ್ಲಿ ಮೇಜು ಬರಿದಾಗಿತ್ತು. ಆ ಶೌಚಾಲಯಕ್ಕೆ ಈಗ ಬಾಗಿಲಿದೆ, ಚಿಲಕವೂ ಇದೆ, ಟ್ಯಾಂಕಿನಲ್ಲಿ ನೀರಿದೆ.

ಆದರೆ ನಾನು ಹೇಳಬೇಕಾದದ್ದು ಅದಕ್ಕೆ ಸ್ವಲ್ಪ ಮುಂಚಿನದು. ಕೆತ್ತುವುದು ಮುಗಿದ ಮೇಲೆ ಅತ್ತಿಗೆ ಚೀಲದಿಂದ ನಾನೂರೈವತ್ತು ರೂಪಾಯಿ ತೆಗೆದು ಮೇಡಂ ಕೈಗೆ ಕೊಟ್ಟರು. ನಾನು ಬೇಡ ಬೇಡ ಎಂದು ಅಡ್ಡ ಹೋದೆ. “ಸುಮ್ನಿರು, ನಿಂಗಲ್ಲ ಕೊಡ್ತಿರೋದು, ಬಾಗಿಲಿಗೆ” ಎಂದು ಗದರಿದರು. ಆಮೇಲೆ ಕೊಳಗವನ್ನು ಸೆರಗಿನಿಂದ ಒರೆಸಿ ನನ್ನ ಎರಡೂ ಕೈಗೆ ಇಟ್ಟರು.

“ತಗೋ. ಈಗ ಇದು ನಾನು ಕೊಟ್ಟಿದ್ದು.”

ಏಳು ವರ್ಷ ಅವರ ಕೈತುತ್ತು ತಿಂದವಳು ನಾನು. ಅವರ ಹೆಸರನ್ನು ಆವತ್ತು ಮೊದಲ ಸಲ ಓದಿದೆ. ಅಲ್ಲೇ ಎಲ್ಲರೆದುರಿಗೆ, ಅಧ್ಯಕ್ಷೆ ಎನ್ನುವುದೂ ಮರೆತು, ಕೊಳಗ ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

“ಅಳ್ಬೇಡ, ಸಾಕು, ಎಲ್ಲ ನೋಡ್ತಿದಾರೆ” ಎಂದರು ಅತ್ತಿಗೆ. “ನಿಮ್ಮನೆಗೆ ಯಾವತ್ತು ಬರ್ಲಿ, ಅದು ಹೇಳು.”

ಇವತ್ತೇ ಬನ್ನಿ, ಟಿಟಿಯಲ್ಲಿ ಜಾಗ ಇದೆ ಎಂದೆ. ಅವರು ಚಪ್ಪಲಿ ಹುಡುಕಲು ಹೊರಟರು.